ಬಣ್ಣದ ತೊಟ್ಟಿಲಿನ ರಕ್ಷಣೆ

ಪ್ರಾಚೀನ ವಸ್ತುಗಳೆಂದೊಡನೆ ನಮ್ಮ ಮನಸ್ಸು ದೇವಾಲಯಗಳ ಕಡೆಗೂ ಶಿಲಾಶಾಸನಗಳ ಕಡೆಗೂ ಹರಿಯುತ್ತದೆ. ಆದರೆ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಬಣ್ಣದ ತೊಟ್ಟಿಲು, ಮಣೆ, ಪೆಟ್ಟಿಗೆಗಳೂ ನಮ್ಮ ಪರಂಪರೆಯ ಸಾಕ್ಷಿಗಳೇ ಆಗಿವೆ. ಕಲ್ಲು ಸಾವಿರ ವರ್ಷ ಬಾಳೀತು. ಮರದ ಮೇಲಿನ ಚಿತ್ರವಾದರೋ ಒಂದೇ ದಿನದ ಅವಿವೇಕದಿಂದ ಅಳಿದುಹೋಗಬಹುದು.

ಧಾರವಾಡ ಜಿಲ್ಲೆಯ ಕಲಘಟಗಿ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಅಲ್ಲಿಯ ಚಿತ್ರಗಾರ ಮನೆತನದವರು ಸಾಗುವಾನಿಯ ತೊಟ್ಟಿಲಿಗೆ ಅರಗಿನ ಬಣ್ಣವನ್ನು ಲೇಪಿಸಿ, ಅದರ ಮೇಲೆ ಶ್ರೀಕೃಷ್ಣನ ಬಾಲಲೀಲೆಗಳನ್ನೂ ರಾಮಾಯಣದ ಪ್ರಸಂಗಗಳನ್ನೂ ಚಿತ್ರಿಸುತ್ತ ಬಂದಿದ್ದಾರೆ. ಒಂದೇ ತೊಟ್ಟಿಲಿನಲ್ಲಿ ಹಲವು ತಲೆಮಾರಿನ ಮಕ್ಕಳು ಮಲಗಿ ಬೆಳೆಯುವುದುಂಟು.

ಈ ಬಣ್ಣಕ್ಕೆ ಆಧಾರವಾದ ಅರಗು ಒಂದು ಬಗೆಯ ರಾಳ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಬದುಕುವ ಸಣ್ಣ ಕೀಟವೊಂದು ಇದನ್ನು ಸ್ರವಿಸುತ್ತದೆ. ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ. ಆರಿದರೆ ಗಟ್ಟಿಯಾಗಿ ಹೊಳೆಯುತ್ತದೆ. ಅದು ನೀರಿನಲ್ಲಿ ಕರಗದು. ಆದರೆ ಸ್ಪಿರಿಟ್ಟಿನಲ್ಲಿಯೂ ಸೋಡಾ ಬೆರೆಸಿದ ನೀರಿನಲ್ಲಿಯೂ ಕರಗುತ್ತದೆ. ಈ ಗುಣಗಳನ್ನು ಅರಿಯದೆ ಹಳೆಯ ತೊಟ್ಟಿಲನ್ನು ತೊಳೆಯಲು ಹೊರಟವರು ಕೊಳೆಯೊಂದಿಗೆ ಚಿತ್ರವನ್ನೂ ತೊಳೆದುಬಿಡುತ್ತಾರೆ.

ಹವೆಯೂ ಇಂಥ ವಸ್ತುಗಳಿಗೆ ದೊಡ್ಡ ಶತ್ರು. ಕುಮಟಾ ಮತ್ತು ಹೊನ್ನಾವರಗಳ ನಡುವೆ ಕಡಲತಡಿಯಲ್ಲಿರುವ ಧಾರೇಶ್ವರವನ್ನೇ ನೋಡಿರಿ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಾಂಶವು ಶೇಕಡಾ 80ನ್ನು ಮೀರುತ್ತದೆ. ಘಟ್ಟದ ಮೇಲಿನ ಒಣಹವೆಯಲ್ಲಿ ಸಿದ್ಧವಾದ ತೊಟ್ಟಿಲು ಇಂತಹ ಊರಿಗೆ ಬಂದಾಗ ಅದರ ಮರವು ತೇವವನ್ನು ಹೀರಿ ಅಡ್ಡಕ್ಕೆ ಉಬ್ಬುತ್ತದೆ. ಬೇಸಗೆಯಲ್ಲಿ ಮತ್ತೆ ಕುಗ್ಗುತ್ತದೆ. ಮೇಲಿನ ಬಣ್ಣದ ಪದರಕ್ಕೆ ಹೀಗೆ ಹಿಗ್ಗಿ ಕುಗ್ಗುವ ಶಕ್ತಿಯಿಲ್ಲ. ಆದುದರಿಂದ ಅದು ಬಿರಿದು ಹಕ್ಕಳೆಯೇಳುತ್ತದೆ. ತೇವದೊಡನೆ ಬೂಷ್ಟೂ ಗೆದ್ದಲೂ ಬರುತ್ತವೆ. ಮರದಲ್ಲಿ ಸಣ್ಣ ತೂತುಗಳೂ ಕೆಳಗೆ ಹಿಟ್ಟಿನಂತಹ ಪುಡಿಯೂ ಕಂಡರೆ ಕುಟ್ಟೆಹುಳು ಹಿಡಿದಿದೆಯೆಂದು ತಿಳಿಯಬೇಕು.

ಇಂತಹ ವಸ್ತುವನ್ನು ತಜ್ಞರು ಹೇಗೆ ಉಳಿಸುತ್ತಾರೆ? ಮೊದಲು ಅದರ ಛಾಯಾಚಿತ್ರ ತೆಗೆದು, ಹಾನಿಯನ್ನು ಬರೆದಿಡುತ್ತಾರೆ. ಎದ್ದು ನಿಂತ ಹಕ್ಕಳೆಗಳ ಕೆಳಗೆ ತೆಳುವಾದ ಅಂಟನ್ನು ಬಿಟ್ಟು, ಹಗುರಾಗಿ ಅದುಮಿ ಕೂರಿಸುತ್ತಾರೆ. ಆ ಬಳಿಕ ಮೃದುವಾದ ಕುಂಚದಿಂದ ಧೂಳನ್ನು ತೆಗೆಯುತ್ತಾರೆ. ಯಾವ ದ್ರವವನ್ನೇ ಆಗಲಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿಯೇ ಬಳಸುತ್ತಾರೆ. ಬಣ್ಣ ಪೂರ್ಣವಾಗಿ ಉದುರಿಹೋದ ಎಡೆಯಲ್ಲಿ ಮಾತ್ರ ಹೊಸ ಬಣ್ಣ ತುಂಬುತ್ತಾರೆ. ಮುಂದೆ ಬೇಕೆನಿಸಿದಾಗ ಅದನ್ನು ತೆಗೆಯಲು ಬರುವಂತಿರಬೇಕು.

1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಸ್ಮಾರಕಗಳ ಜೀರ್ಣೋದ್ಧಾರಕ್ಕೆ ಕೆಲವು ನಿಯಮಗಳನ್ನು ರೂಪಿಸಿದರು. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬುದು ಅವುಗಳಲ್ಲೊಂದು. ಈ ಮಾತು ತೊಟ್ಟಿಲಿಗೂ ಸಲ್ಲುತ್ತದೆ. ಅಳಿಸಿಹೋದ ಕೃಷ್ಣನ ಮುಖವನ್ನು ನಮ್ಮ ಮನಸ್ಸಿಗೆ ತೋಚಿದಂತೆ ಬರೆದರೆ ಅದು ಹಳೆಯ ಕಲಾವಿದನ ಕೃಷ್ಣನಾಗಲಾರದು.

ನಾಮಕರಣದ ಸಂಭ್ರಮದಲ್ಲಿ ಹಳೆಯ ತೊಟ್ಟಿಲನ್ನು ಉಪ್ಪುಕಾಗದದಿಂದ ಉಜ್ಜಿ, ಎನಾಮಲ್ ಬಣ್ಣ ಬಳಿದು ಹೊಸದಾಗಿಸುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಗೆದ್ದಲು ಹತ್ತಾರು ವರ್ಷಗಳಲ್ಲಿ ಮಾಡದ ಹಾನಿಯನ್ನು ಅವರು ಒಂದು ಮಧ್ಯಾಹ್ನದಲ್ಲಿ ಮಾಡಿರುತ್ತಾರೆ. ಉಜ್ಜಿ ತೆಗೆದ ಚಿತ್ರವನ್ನು ಯಾವ ತಜ್ಞನೂ ಮರಳಿ ತರಲಾರನು.

ನಾವು ಮಾಡಬಹುದಾದ ಕೆಲಸ ಸರಳವಾದುದು. ತೊಟ್ಟಿಲನ್ನು ಬಿಸಿಲಿಗಿಡಬಾರದು, ಒಲೆಯ ಬಳಿಯಲ್ಲಿಯೂ ಇಡಬಾರದು. ಹಸಿಗೋಡೆಗೆ ತಾಗಿಸದೆ, ನೆಲದಿಂದ ಮೇಲಕ್ಕೆ, ಗಾಳಿಯಾಡುವಲ್ಲಿ ಇಡಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಕಟ್ಟದೆ, ಹತ್ತಿಯ ಬಟ್ಟೆ ಹೊದಿಸಬೇಕು. ಬಣ್ಣ ಗಟ್ಟಿಯಾಗಿರುವಲ್ಲಿ ಒಣ ಕುಂಚದಿಂದ ಮೆಲ್ಲಗೆ ಧೂಳು ತೆಗೆಯಬೇಕು. ಹಕ್ಕಳೆ ಎದ್ದಿರುವಲ್ಲಿ ಕೈಹಾಕದೆ ತಿಳಿದವರನ್ನು ಕೇಳಬೇಕು.

ಹಳೆಯದನ್ನು ಹೊಸದರಂತೆ ಹೊಳೆಯಿಸುವುದು ಸಂರಕ್ಷಣೆಯಲ್ಲ. ಹಳೆಯದು ಹಳೆಯದಾಗಿಯೇ ಇನ್ನೊಂದು ತಲೆಮಾರಿನವರೆಗೆ ಬಾಳುವಂತೆ ನೋಡಿಕೊಳ್ಳುವುದೇ ನಿಜವಾದ ಸಂರಕ್ಷಣೆ.