ಚಳಿಗಾಲದಲ್ಲಿ ಆರ್.ಓ. ಯಂತ್ರ ನಿಧಾನವಾಗುವುದೇಕೆ?

ಚಳಿಗಾಲ ಕಾಲಿಟ್ಟಿತೆಂದರೆ ನೆಗಡಿ, ಕೆಮ್ಮು, ಕೀಲುನೋವುಗಳ ಜೊತೆಗೆ ಇನ್ನೊಂದು ದೂರೂ ವೈದ್ಯರ ಕಿವಿಗೆ ಬೀಳುತ್ತದೆ. 'ಡಾಕ್ಟ್ರೇ, ನಮ್ಮ ಮನೆಯ ಆರ್.ಓ. ಯಂತ್ರದಲ್ಲಿ ನೀರು ತುಂಬುವುದೇ ಇಲ್ಲ. ಕೆಟ್ಟುಹೋಗಿರಬೇಕು. ಆ ನೀರು ಕುಡಿಯಬಹುದೇ?' ಎಂದು ಕೇಳುವವರಿದ್ದಾರೆ. ಯಂತ್ರ ಕೆಟ್ಟಿದೆಯೆಂದು ಭಾವಿಸಿ ಸಾವಿರಾರು ರೂಪಾಯಿ ತೆತ್ತು ಒಳಗಿನ ಪೊರೆಯನ್ನೇ ಬದಲಾಯಿಸುವವರೂ ಇದ್ದಾರೆ. ಇದಕ್ಕಿಂತ ಚಿಂತೆಯ ವಿಷಯವೆಂದರೆ, ಬೆಳಗಿನ ಅವಸರದಲ್ಲಿ ಮಕ್ಕಳ ಶಾಲೆಯ ಬಾಟಲಿಗೆ ನೇರವಾಗಿ ನಲ್ಲಿಯ ನೀರೇ ತುಂಬಿಹೋಗುವುದು. ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗಳಿಗೆ ಚಳಿಗಾಲದಲ್ಲಿ ರಜೆಯಿಲ್ಲ.

ಆದ್ದರಿಂದ ಯಂತ್ರ ನಿಧಾನವಾಗಲು ಕಾರಣವೇನೆಂದು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು. ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಕಾರಣ ತಣ್ಣನೆಯ ನೀರು, ಅಷ್ಟೇ.

ಪೊರೆಯ ಕೆಲಸ

ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಉಬ್ಬಿರುತ್ತದೆ. ಅದರ ಸಿಪ್ಪೆಯ ಮೂಲಕ ನೀರು ತಾನಾಗಿಯೇ ಒಳಗೆ ಹೋಗುತ್ತದೆ. ಆರ್.ಓ. ಅಂದರೆ ರಿವರ್ಸ್ ಆಸ್ಮೋಸಿಸ್ ಯಂತ್ರದಲ್ಲಿ ನಡೆಯುವುದು ಇದರ ತಿರುವುಮುರುವು. ಲವಣಗಳಿರುವ ನೀರನ್ನು ಪಂಪು ಒತ್ತಡದಿಂದ ಒಂದು ತೆಳು ಪೊರೆಯ ಮೇಲೆ ತಳ್ಳುತ್ತದೆ. ನೀರು ಪೊರೆಯನ್ನು ದಾಟುತ್ತದೆ. ಫ್ಲೋರೈಡ್, ನೈಟ್ರೇಟ್ ಮತ್ತಿತರ ಲವಣಗಳ ಬಹುಪಾಲು ಹಿಂದೆಯೇ ಉಳಿದು ಹೊರಗೆ ಹರಿದುಹೋಗುತ್ತದೆ.

ಇಲ್ಲಿ ನೀರಿನ ತಾಪಮಾನದ ಪಾತ್ರ ದೊಡ್ಡದು. ಮಲೆನಾಡಿನ ಜೋನಿ ಬೆಲ್ಲವನ್ನು ನೋಡಿ. ಬಿಸಿಯಾಗಿದ್ದಾಗ ಸಲೀಸಾಗಿ ಸುರಿಯುತ್ತದೆ, ತಣಿದರೆ ಪಾತ್ರೆ ಬಿಟ್ಟು ಬರಲೊಲ್ಲದು. ನಮ್ಮ ಕಣ್ಣಿಗೆ ಕಾಣದಿದ್ದರೂ ನೀರಿನ ಗುಣವೂ ಅದೇ. 25 ಡಿಗ್ರಿ ಸೆಲ್ಸಿಯಸ್ ನೀರಿಗಿಂತ 15 ಡಿಗ್ರಿಯ ನೀರು ಕಾಲು ಭಾಗಕ್ಕಿಂತಲೂ ಹೆಚ್ಚು ಮಂದವಾಗಿರುತ್ತದೆ. ಸೂಕ್ಷ್ಮವಾದ ಪೊರೆಯಲ್ಲಿ ನುಸುಳಲು ಅದಕ್ಕೆ ಹೆಚ್ಚು ಹೊತ್ತು ಬೇಕು.

ಪೊರೆಯ ತಯಾರಕರು ಅದರ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿಯ ನೀರಿನಲ್ಲಿ. ಅಲ್ಲಿಂದ ಪ್ರತಿ ಡಿಗ್ರಿ ಇಳಿದಂತೆಯೂ ಉತ್ಪತ್ತಿ ಸುಮಾರು ಶೇ. 3ರಷ್ಟು ತಗ್ಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 75 ಗ್ಯಾಲನ್ ಪೊರೆ ಎಂದರೆ ದಿನಕ್ಕೆ 284 ಲೀಟರು, ಗಂಟೆಗೆ ಸುಮಾರು 12 ಲೀಟರು. ಅದೇ ಪೊರೆ 15 ಡಿಗ್ರಿಯ ನೀರಿನಲ್ಲಿ ಗಂಟೆಗೆ 9 ಲೀಟರು ಕೊಟ್ಟರೆ ಹೆಚ್ಚು. 40 ನಿಮಿಷಗಳಲ್ಲಿ ತುಂಬುತ್ತಿದ್ದ 8 ಲೀಟರಿನ ಟ್ಯಾಂಕಿಗೆ ಆಗ 55 ನಿಮಿಷ ಹಿಡಿಯುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಬೆಂಗಳೂರಿನ ಗಾಳಿಯೇ 15-16 ಡಿಗ್ರಿಗೆ ಇಳಿಯುತ್ತದೆ. ಬೀದರ್ ಕಡೆ ಇನ್ನೂ ಕೆಳಗೆ. ಮಾಳಿಗೆಯ ಮೇಲಿನ ಟ್ಯಾಂಕಿನಲ್ಲಿ ರಾತ್ರಿಯಿಡೀ ನಿಂತ ನೀರು ಎಷ್ಟು ತಣ್ಣಗಿರುತ್ತದೆಂದು ನೀವೇ ಊಹಿಸಬಹುದು.

ನೀರು ನಿಧಾನವಾಗಿ ಬಂದರೂ ಶುದ್ಧತೆಗೆ ಕುಂದಿಲ್ಲ. ತಣ್ಣನೆಯ ನೀರಿನಲ್ಲಿ ಪೊರೆ ದಾಟುವ ಲವಣವೂ ಕಡಿಮೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧ: ನೀರು ಬೇಗ ಬರುತ್ತದೆ, ಅದರ ಲವಣಾಂಶವೂ ಸ್ವಲ್ಪ ಏರುತ್ತದೆ.

ಚಳಿಯೋ, ದೋಷವೋ?

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಯಂತ್ರದ ಟ್ಯಾಂಕನ್ನು ಬರಿದು ಮಾಡಿ, ಪೂರ್ತಿ ತುಂಬಲು ಎಷ್ಟು ನಿಮಿಷ ಬೇಕೆಂದು ಬೆಳಿಗ್ಗೆ ಒಮ್ಮೆ ನೋಡಿ. ಬಿಸಿಲು ಬಿದ್ದು ಮೇಲಿನ ಟ್ಯಾಂಕು ಬೆಚ್ಚಗಾದ ಮೇಲೆ ಮಧ್ಯಾಹ್ನ ಇನ್ನೊಮ್ಮೆ ನೋಡಿ. ಮಧ್ಯಾಹ್ನ ಬೇಗ ತುಂಬಿದರೆ ಅದು ಚಳಿಯ ಪ್ರಭಾವ, ಖರ್ಚು ಮಾಡಬೇಕಾಗಿಲ್ಲ. ಮಧ್ಯಾಹ್ನವೂ ತೀರಾ ನಿಧಾನವಾಗಿದ್ದರೆ ಮೊದಲ ಹಂತದ ಫಿಲ್ಟರು ಕೆಸರಿನಿಂದ ಕಟ್ಟಿರಬಹುದು, ಪಂಪಿನ ಒತ್ತಡ ಇಳಿದಿರಬಹುದು, ಇಲ್ಲವೇ ಗಡಸು ನೀರಿನಿಂದ ಪೊರೆಯ ಮೇಲೆ ಸುಣ್ಣದ ಪದರ ಕೂತಿರಬಹುದು. ಮೆಕ್ಯಾನಿಕ್ ಬಂದಾಗ ಕಡಿಮೆ ಬೆಲೆಯ ಮೊದಲ ಫಿಲ್ಟರನ್ನು ಮೊದಲು ನೋಡಲು ಹೇಳಿ.

ಟಿ.ಡಿ.ಎಸ್. ಮೀಟರು, ಅಂದರೆ ನೀರಿನಲ್ಲಿ ಕರಗಿರುವ ಲವಣವನ್ನು ಅಳೆಯುವ ಸಾಧನ, ಸಿಕ್ಕಿದರೆ ಇನ್ನೂ ಒಳ್ಳೆಯದು. ಚಳಿಯಲ್ಲಿ ಶುದ್ಧ ನೀರಿನ ಟಿ.ಡಿ.ಎಸ್. ಇಳಿಯಬೇಕು. ಒಳಬರುವ ನೀರು ಬದಲಾಗದೆ, ಯಂತ್ರದ ಹೊಂದಾಣಿಕೆಯನ್ನು ಯಾರೂ ಮುಟ್ಟದೆ, ಚಳಿಗಾಲದಲ್ಲೂ ಅದು ಏರಿದೆಯೆಂದರೆ ಪೊರೆಯನ್ನು ಸಂಶಯಿಸಬೇಕು.

ಮಾಡಬಾರದ್ದು, ಮಾಡಬೇಕಾದ್ದು

ನೀರು ಬೇಗ ಬರಲೆಂದು ಗೀಸರಿನ ಅಥವಾ ಸೋಲಾರಿನ ಬಿಸಿನೀರನ್ನು ಯಂತ್ರಕ್ಕೆ ಕೊಡುವುದು ಸಲ್ಲದು. ಮನೆಬಳಕೆಯ ಪೊರೆಗಳು ಸಾಮಾನ್ಯವಾಗಿ ತಾಳುವುದು 45 ಡಿಗ್ರಿಯವರೆಗೆ ಮಾತ್ರ. ಅದಕ್ಕಿಂತ ಬಿಸಿಯಾದರೆ ಪೊರೆ ಶಾಶ್ವತವಾಗಿ ಹಾಳಾಗಬಹುದು. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯ ಮಧ್ಯಾಹ್ನ, ಮಾಳಿಗೆಯ ಟ್ಯಾಂಕಿನ ನೀರು ಸುಡುವಂತಿರುವಾಗ ಯಂತ್ರ ಹಾಕದಿರುವುದು ಲೇಸು. ಬೆಚ್ಚನೆಯ ನೀರು ಕುಡಿಯಬೇಕೆನಿಸಿದರೆ ಶುದ್ಧವಾದ ನೀರನ್ನು ಆಮೇಲೆ ಕಾಯಿಸಿಕೊಳ್ಳಿ.

ಚಳಿಗಾಲದಲ್ಲಿ ಹಿಂದಿನ ಮಧ್ಯಾಹ್ನವೇ ನೀರು ಹಿಡಿದು, ತೊಳೆದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡಿ. ಕೈ ಅದ್ದದೆ, ಹಿಡಿಯಿರುವ ಸೌಟಿನಿಂದ ತೆಗೆಯಿರಿ. ಒಂದು ದಿನದೊಳಗೆ ಬಳಸಿ ಮುಗಿಸಿ.

ಆದರೂ ನೀರು ಸಾಲದೆ ಬಂದರೆ? ಶುದ್ಧೀಕರಿಸಿದ ನದಿ ನೀರು ನಲ್ಲಿಯಲ್ಲಿ ಬರುವ ಊರುಗಳಲ್ಲಿ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿದರೆ ಸಾಕು; ರೋಗಾಣುಗಳು ಸಾಯುತ್ತವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರಿಗೆ ಈ ಉಪಾಯ ನಡೆಯದು. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಕೊನೆಯ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ, ಮುಂದೆ ಮೂಳೆಗಳಿಗೂ ಹಾನಿ. ಅಂಥವರು ಊರಿನ ಶುದ್ಧ ನೀರಿನ ಘಟಕದಿಂದ ತರುವುದೇ ಸರಿ.

ಕೊನೆಯದಾಗಿ ಒಂದು ಮಾತು. ಚಳಿಯಲ್ಲಿ ಬಾಯಾರಿಕೆ ಕಡಿಮೆ, ಯಂತ್ರವೂ ನಿಧಾನ. ಹೀಗಾಗಿ ಮನೆಯ ಹಿರಿಯರು 'ಮಕ್ಕಳಿಗಿರಲಿ' ಎಂದು ತಾವು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಮಲಬದ್ಧತೆ, ಉರಿಮೂತ್ರ, ಮೂತ್ರಪಿಂಡದ ಕಲ್ಲಿಗೆ ಇದು ದಾರಿಯಾಗಬಹುದು. ಮೂತ್ರ ಗಾಢ ಹಳದಿಯಾಗಿದ್ದರೆ ಸಾಮಾನ್ಯವಾಗಿ ನೀರು ಸಾಲದೆಂದೇ ಅರ್ಥ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ತಮ್ಮ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಲಿ. ಉಳಿದ ಹಿರಿಯರಿಗೆ ದಿನದಲ್ಲಿ ನಾಲ್ಕಾರು ಬಾರಿ ಒಂದೊಂದು ಲೋಟ ಬೆಚ್ಚನೆಯ ನೀರನ್ನು ಮನೆಯವರೇ ನೆನಪಿಟ್ಟು ಕೊಡಲಿ.