ಹಿಟ್ಟು ಮುಟ್ಟಿದರೆ ಚೀರುವ ಮಗು

ರೊಟ್ಟಿ ಹಿಟ್ಟು ಕೈಗೆ ಅಂಟಿದರೆ ಚೀರ್ತಾನೆ. ಮಿಕ್ಸಿ ಶುರುವಾದರೆ ಕಿವಿ ಮುಚ್ಕೋತಾನೆ. ಕರೆದರೆ ತಿರುಗಿ ನೋಡಲ್ಲ. ಹಟಮಾರಿ ಅಂತ ಬೈಯಬೇಡಿ, ಆಟಿಸಂ ಇದೆಯಾ ಅಂತ ಡಾಕ್ಟರಿಗೆ ತೋರಿಸಿ.

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಹಳ್ಳಿಯವರು ಎಲ್ಲಿಗೆ ಹೋಗೋದು? ಮೊದಲು ಅಂಗನವಾಡಿ ಟೀಚರಿಗೋ ಆಶಾ ಅಕ್ಕನಿಗೋ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ 2 ಸಲ ಬರಬೇಕು. ಬಂದಿಲ್ಲವಾ? ಕೇಳಿ, ಕೇಳೋದು ನಿಮ್ಮ ಹಕ್ಕು.

ಆಟಿಸಂ ಇದ್ದರೆ ಡಾಕ್ಟರು ಆಕ್ಯುಪೇಷನಲ್ ಥೆರಪಿ ಹೇಳಬಹುದು. ಅದು ಮಾತ್ರೆ, ಇಂಜೆಕ್ಷನ್ ಅಲ್ಲ. ಉಣ್ಣೋದು, ಅಂಗಿ ತೊಡೋದು, ಆಡೋದು, ಇವನ್ನೇ ಮಗುವಿಗೆ ಸಲೀಸು ಮಾಡೋದು. ಹಿಟ್ಟಿಗೆ ಹೆದರುವವನಿಗೆ ಮೊದಲು ಮೊರದಲ್ಲಿ ಒಣ ಜೋಳ ಹಾಕಿಕೊಡಿ. ಚಮಚದಿಂದ ತುಂಬಿ ಸುರೀಲಿ. ನಂತರ ಒಂದು ಬೆರಳು, ಆಮೇಲೆ ಅಂಗೈ. ಆಮೇಲೆ ಒಣ ಹಿಟ್ಟು. ನೀರು ಕೊನೆಗೆ, ಅದೂ ನಾಲ್ಕೇ ಹನಿ. ಕೈ ಹಿಡಿದು ಅದ್ದಬೇಡಿ. ಅವನು ಕೈ ಹಿಂದಕ್ಕೆ ತಗೊಂಡರೆ ಅವತ್ತಿಗೆ ಸಾಕು. ಕಾಳು ಮೂಗಿಗೆ, ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕೂತಿರಿ.

ಗಂಗಾವತಿಯ ರೈಸ್ ಮಿಲ್ ಸದ್ದು ನಿಲ್ಲಿಸೋಕಾಗಲ್ಲ, ನಿಜ. ಆದರೆ ಮಿಕ್ಸಿ ಹಾಕೋ ಮೊದಲು ಹೇಳಬಹುದಲ್ಲ? ಒಪ್ಪಿದರೆ ಸ್ವಿಚ್ ಅವನೇ ಒತ್ತಲಿ.

ಕೊಪ್ಪಳಕ್ಕೆ ಬಸ್ ಹತ್ತಿದರೆ ಒಂದು ದಿನದ ಕೂಲಿ ಹೋಯ್ತು. ಹಾಗಾಗಿ ಥೆರಪಿಸ್ಟ್ ಸಿಕ್ಕಾಗ, "ಮನೇಲಿ ಏನು ಮಾಡಿಸಲಿ, ತೋರಿಸ್ರಿ" ಅನ್ನಿ. ಫೋನಿನಲ್ಲಿ ವಿಡಿಯೊ ಮಾಡ್ಕೊಳ್ಳಿ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ನಿರಾಮಯ ಆರೋಗ್ಯ ವಿಮೆಯನ್ನೂ ವಿಚಾರಿಸಿ, 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಗೂ ಪಾಲಿದೆ.