ಅಕ್ಕನ ಮದುವೆಗೆ ಜುಟ್ಟು ಕಟ್ಟೋದು ಹೇಗೆ?

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅನ್ನೋ ಗಾದೆ ನಮಗೆಲ್ಲ ಗೊತ್ತು. ಪಿಜಿ ಊಟ ತಿಂದವರಿಗೆ ಗಾದೆಯ ಮೊದಲ ಅರ್ಧ ವಿವರಿಸೋದು ಬೇಕಿಲ್ಲ. ಈ ಲೇಖನ ಎರಡನೇ ಅರ್ಧದ ಬಗ್ಗೆ.

ಬಾಗಲೂರಿನ ಪಿಜಿಯಲ್ಲಿ ನಾವು ನಾಲ್ಕು ಜನ ಒಂದೇ ರೂಮು. ಫೆಬ್ರವರಿಯಲ್ಲಿ ನಮ್ಮಲ್ಲೊಬ್ಬಳ ಅಕ್ಕನ ಮದುವೆ ಬಂತು. ಯಲಹಂಕ ಕಡೆ ಛತ್ರ, ಹಿಂದಿನ ಸಂಜೆ ಆರತಕ್ಷತೆ, ಬೆಳಗ್ಗೆ ಏಳೂವರೆಗೆ ಮುಹೂರ್ತ. ಬ್ಯೂಟಿಷಿಯನ್ ಮದುಮಗಳಿಗೆ ಮಾತ್ರ. ಉಳಿದವರಿಗೂ ಮಾಡಿಸೋಣ ಅಂತ ರೇಟ್ ಕೇಳಿದ್ವಿ, ಒಬ್ಬೊಬ್ಬರ ತಲೆಗೆ ಹೇಳಿದ ದುಡ್ಡಲ್ಲಿ ನಮ್ಮ ಒಂದು ಸೆಮಿಸ್ಟರಿನ ಜೆರಾಕ್ಸ್ ಖರ್ಚು ಮುಗಿಯೋದು. "ನಾವೇ ಮಾಡ್ಕೊಳ್ತೀವಿ ಬಿಡಿ ಆಂಟಿ" ಅಂದು ಬಂದ್ವಿ.

ಆದ್ರೆ ಮದುಮಗಳ ತಂಗಿ, ಅಂದ್ರೆ ನಮ್ಮ ರೂಮ್‌ಮೇಟ್, ಒಂದು ರಾತ್ರಿ ಮೆಲ್ಲಗೆ ಹೇಳಿದಳು: "ಕಳಸ ನಾನು ಹಿಡಿಯಲ್ಲ. ಚಿಕ್ಕಮ್ಮನ ಮಗಳು ಹಿಡೀಲಿ." ಯಾಕೆ ಅಂತ ಕೇಳಿದ್ರೆ ಕೂದಲು ಹಿಂದಕ್ಕೆ ಸರಿಸಿ ಕಿವಿಯ ಮೇಲಿನ ಜಾಗ ತೋರಿಸಿದಳು. ಎರಡೂ ಕಡೆ ಕೂದಲು ತೆಳುವಾಗಿ ನೆತ್ತಿಚರ್ಮ ಕಾಣ್ತಿತ್ತು. ಪಿಯುಸಿಯಿಂದ ದಿನಾ ಬಿಗಿಯಾಗಿ ಎಳೆದು ಕಟ್ಟಿದ ಜುಟ್ಟಿನ ಫಲ. ಸ್ಟೇಜ್ ಮೇಲೆ ಎಲ್ಲಾ ಫೋಟೋದಲ್ಲೂ ಇದೇ ಕಾಣತ್ತೆ ಅನ್ನೋದು ಅವಳ ಸಂಕಟ.

ಅದಕ್ಕೇ ನಾವು ಜುಟ್ಟಿನ ಬಗ್ಗೆ ಸ್ವಲ್ಪ ಸೀರಿಯಸ್ಸಾಗಿ ಓದಿದ್ವಿ. ಓದಿದ್ದು, ಮಾಡಿದ್ದು ಎರಡೂ ಇಲ್ಲಿದೆ.

ಬ್ರೈಡ್ಸ್‌ಮೇಡ್ ಅಂದ್ರೆ ನಮ್ಮಲ್ಲಿ ಯಾರು?

ಇಂಗ್ಲಿಷ್ ಸಿನಿಮಾದಲ್ಲಿ ಬ್ರೈಡ್ಸ್‌ಮೇಡ್ ಅಂದ್ರೆ ಒಂದೇ ಬಣ್ಣದ ಗೌನ್ ಹಾಕಿ, ಬೊಕೆ ಹಿಡಿದು ಸಾಲಾಗಿ ನಿಲ್ಲೋ ಗೆಳತಿಯರು. ನಮ್ಮ ಹಳೇ ಮೈಸೂರು ಕಡೆ ಮದುವೆಗಳಲ್ಲಿ ಇದಕ್ಕೆ ಹತ್ತಿರದವಳು ಕಳಸಗಿತ್ತಿ. ಮದುಮಗಳ ತಂಗಿಯೋ, ತಂಗಿ ವರಸೆಯ ಹುಡುಗಿಯೋ ಕಳಸ ಹಿಡಿದು ಮದುಮಗಳ ಪಕ್ಕದಲ್ಲೇ ಇರ್ತಾಳೆ. ನೀರು ತುಂಬಿದ ಕಳಸ, ಮೇಲೆ ಎಲೆ, ತೆಂಗಿನಕಾಯಿ. ಎರಡು ಕೈಯೂ ಬ್ಯುಸಿ. ಕೂದಲು ಮುಖಕ್ಕೆ ಬಿದ್ರೆ ಸರಿಸ್ಕೊಳ್ಳೋಕೆ ಕೈ ಇರಲ್ಲ.

ಉಳಿದ ಗೆಳತಿಯರಿಗೂ ಕೂತ್ಕೊಳ್ಳೋ ಪುರುಸೊತ್ತಿಲ್ಲ. ಒಬ್ಬಳು ಆರತಿ ತಟ್ಟೆ, ಒಬ್ಬಳು ಅಕ್ಷತೆ ಹಂಚೋದು, ಒಬ್ಬಳು ಮೇಲಿನ ರೂಮಿಗೂ ಮಂಟಪಕ್ಕೂ ಮೆಟ್ಟಿಲು ಹತ್ತಿ ಇಳಿಯೋದು. ಕೂದಲು ಬಿಟ್ಕೊಂಡು ಓಡಾಡಿದ್ರೆ ಅಕ್ಷತೆ ಕಾಳು ಸಂಜೆವರೆಗೂ ಉದುರತ್ತೆ. ಆರತಿ ದೀಪದ ಹತ್ರ ಬಿಟ್ಟ ಕೂದಲು ಅಪಾಯ ಕೂಡ. ವರ್ಕ್‌ಶಾಪಲ್ಲಿ ಲೇತ್ ಹತ್ರ ಹೋಗೋ ಮುಂಚೆ ಕೂದಲು ಕಟ್ಟಿ ಅಂತಾರಲ್ಲ, ಅದೇ ರೂಲು ಮಂಟಪಕ್ಕೂ ಹೊಂದತ್ತೆ.

ಹಾಗಂತ ಮೊಗ್ಗಿನ ಜಡೆ ಹಾಕೋ ಹಾಗಿಲ್ಲ. ಅದು ಮದುಮಗಳದ್ದು. ಹಾಗಾಗಿ ಗೆಳತಿಯರಿಗೆ ಜುಟ್ಟು, ಅಂದ್ರೆ ಪೋನಿಟೇಲ್, ಸರಿಯಾದ ಮಧ್ಯದ ದಾರಿ. ಹತ್ತು ನಿಮಿಷ ಸಾಕು, ಹೂವೂ ನಿಲ್ಲತ್ತೆ.

ಎಳೆತದ ಲೆಕ್ಕ

ಬಿಗಿ ಜುಟ್ಟು ಕಟ್ಟಿದಾಗ ತಲೆ ನೋಯತ್ತಲ್ಲ, ಅದು ಬರೀ ನಮ್ಮ ಕಲ್ಪನೆ ಅಲ್ಲ. 2004ರಲ್ಲಿ ಬ್ಲೌ ಅನ್ನೋ ನರರೋಗ ತಜ್ಞರು 'ಹೆಡೇಕ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 'ಪೋನಿಟೇಲ್ ಹೆಡೇಕ್' ಬಗ್ಗೆಯೇ ಬರೆದರು. ಅವರು ಕೇಳಿದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಅನುಭವ ಇತ್ತು. ಕೂದಲಿಗೆ ನೋವಿನ ನರ ಇಲ್ಲ, ಆದ್ರೆ ಅದರ ಬುಡದ ಚರ್ಮಕ್ಕೆ ಇದೆ. ಬ್ಯಾಂಡ್ ಸಡಿಲ ಮಾಡಿದ್ರೆ ನೋವೂ ಇಳಿಯತ್ತೆ.

ನೋವು ಹೋಗಬಹುದು, ಆದ್ರೆ ವರ್ಷಗಟ್ಟಲೆ ಎಳೆದರೆ ಕೂದಲೇ ಹೋಗತ್ತೆ. ಇದಕ್ಕೆ ಟ್ರ್ಯಾಕ್ಷನ್ ಅಲೋಪೇಶಿಯಾ ಅಂತ ಹೆಸರು. ಬಿಗಿ ಜುಟ್ಟಲ್ಲಿ ಹಣೆಯ ಅಂಚು ಮತ್ತು ಕಿವಿ ಮೇಲಿನ ಕೂದಲಿಗೆ ಎಳೆತ ಜಾಸ್ತಿ. ಅದಕ್ಕೇ ಮೊದಲು ತೆಳುವಾಗೋದು ಅಲ್ಲೇ. ಶುರುವಿನಲ್ಲೇ ಎಳೆಯೋದು ನಿಲ್ಲಿಸಿದ್ರೆ ಕೂದಲು ಮತ್ತೆ ಬರತ್ತೆ. ತುಂಬಾ ವರ್ಷ ಬಿಟ್ರೆ ಬುಡವೇ ಸತ್ತುಹೋಗಿ ಶಾಶ್ವತ ಆಗಬಹುದು. ನಮ್ಮ ಗೆಳತಿಗೆ ಚರ್ಮದ ಡಾಕ್ಟರ್ ಹೇಳಿದ್ದೂ ಇದನ್ನೇ: ಮೊದಲು ಎಳೆಯೋದು ನಿಲ್ಲಿಸಮ್ಮ.

ಟೆಸ್ಟ್ ಸುಲಭ. ಜುಟ್ಟು ಕಟ್ಟಿದ ಮೇಲೆ ಹುಬ್ಬು ಎತ್ತಿ ನೋಡಿ. ಹಣೆ ಎಳೆದ ಹಾಗಾದ್ರೆ, ಅಥವಾ ಅಂಚಿನ ಚರ್ಮ ಸಣ್ಣ ಗುಳ್ಳೆ ತರ ಎದ್ರೆ, ಬಿಚ್ಚಿ ಮತ್ತೆ ಕಟ್ಟಿ.

ತೂಗಾಟದ ಲೆಕ್ಕ

ಇದು ನಮಗೆ ತುಂಬಾ ಇಷ್ಟವಾದ ಭಾಗ. ಓಡೋವಾಗ ತಲೆ ಮೇಲೆ ಕೆಳಗೆ ಹೋಗತ್ತೆ, ಆದ್ರೆ ಜುಟ್ಟು ಎಡ ಬಲ ಯಾಕೆ ಆಡತ್ತೆ? ಗಣಿತಜ್ಞ ಜೋಸೆಫ್ ಕೆಲ್ಲರ್ 2010ರಲ್ಲಿ ಇದಕ್ಕೆ ಉತ್ತರ ಬರೆದರು. ತೂಗೋ ವಸ್ತುವಿನ ಸಹಜ ಫ್ರೀಕ್ವೆನ್ಸಿಯ ಸುಮಾರು ಎರಡರಷ್ಟು ವೇಗದಲ್ಲಿ ಅದರ ಹಿಡಿಕೆಯನ್ನ ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಅದು ಪಕ್ಕಕ್ಕೆ ತೂಗೋಕೆ ಶುರು ಮಾಡತ್ತೆ. ಪ್ಯಾರಾಮೆಟ್ರಿಕ್ ರೆಸೊನೆನ್ಸ್ ಅನ್ನೋದು ಇದೇ.

25 ಸೆಂ.ಮೀ. ಜುಟ್ಟನ್ನ ಗಟ್ಟಿ ಕಡ್ಡಿ ಅಂತ ಅಂದುಕೊಂಡು ಲೆಕ್ಕ ಹಾಕಿ. ಒಂದು ತೂಗಾಟಕ್ಕೆ ಸುಮಾರು 0.8 ಸೆಕೆಂಡ್, ಅಂದ್ರೆ ಸೆಕೆಂಡಿಗೆ ಸುಮಾರು 1.2 ಸಲ. ಓಡುವಾಗ ನಮ್ಮ ಹೆಜ್ಜೆ ಸೆಕೆಂಡಿಗೆ ಎರಡೂವರೆ ಹತ್ತಿರ. ಸರಿಯಾಗಿ ಎರಡರಷ್ಟು! ಛತ್ರದ ಮೆಟ್ಟಿಲಲ್ಲಿ ಓಡೋ ಹುಡುಗಿಯ ಜುಟ್ಟು ಪಕ್ಕದವರ ಕಣ್ಣಿಗೆ ಹೊಡೆಯೋದು ಇದಕ್ಕೇ.

ಇನ್ನು ಜುಟ್ಟಿನ ಆಕಾರ. ಗೋಲ್ಡ್‌ಸ್ಟೀನ್, ವಾರೆನ್, ಬಾಲ್ ಅನ್ನೋ ಮೂವರು 2012ರಲ್ಲಿ ಇದರ ಸಮೀಕರಣ ಕೊಟ್ಟರು. ಕೂದಲಿನ ಬಿಗುಪು, ಅದರ ಭಾರ, ಗುಂಗುರಿನಿಂದ ಬರೋ ಹೊರಗಿನ ಒತ್ತಡ, ಈ ಮೂರರ ನಡುವಿನ ಜಗ್ಗಾಟವೇ ಜುಟ್ಟು. ಬಿಗುಪು ಗೆಲ್ಲತ್ತಾ ಭಾರ ಗೆಲ್ಲತ್ತಾ ಅಂತ ಹೇಳೋ ಅಂಕಿಗೆ ಅವರು ಇಟ್ಟ ಹೆಸರು ರಪಂಜೆಲ್ ನಂಬರ್. ಅದು ಚಿಕ್ಕದಿದ್ರೆ ಜುಟ್ಟು ಪೊರಕೆ ತರ ಹರಡತ್ತೆ, ದೊಡ್ಡದಿದ್ರೆ ನೇರ ಇಳಿಯತ್ತೆ. ಅದೇ ವರ್ಷ ಕೆಲ್ಲರ್ ಮತ್ತು ಈ ಮೂವರಿಗೆ ಸೇರಿ ಇಗ್ ನೊಬೆಲ್ ಬಂತು, ಜನರನ್ನ ಮೊದಲು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡೋ ಸಂಶೋಧನೆಗೆ ಕೊಡೋ ಪ್ರಶಸ್ತಿ.

ನಮಗೆ ಸಿಕ್ಕ ಪಾಠ ಎರಡು: ಓಡಾಡೋರ ಜುಟ್ಟು ಕೆಳಗಿದ್ದು ಬೆನ್ನಿಗೆ ಒರಗಿದ್ರೆ ತೂಗಾಟ ಕಡಿಮೆ. ಗಿಡ್ಡ, ಗುಂಗುರು ಕೂದಲನ್ನ ನೇರ ಇಳಿಸೋಕೆ ಒದ್ದಾಡೋ ಬದಲು ಹರಡೋಕೆ ಬಿಡೋದೇ ಚೆಂದ.

ಹಿಂದಿನ ದಿನದ ತಯಾರಿ

ಬಾಗಲೂರಲ್ಲಿ ನಮ್ಮ ಪಿಜಿಗೆ ಬೋರ್‌ವೆಲ್ ನೀರು, ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟಾಗತ್ತೆ. ಕೊನೆಯ ಎರಡು ಮಗ್ ಮಾತ್ರ ಫಿಲ್ಟರ್ ನೀರು ಹಾಕಿದ್ವಿ. ವ್ಯತ್ಯಾಸ ಗೊತ್ತಾಯ್ತು.

ತಲೆಸ್ನಾನ ಹಿಂದಿನ ದಿನವೇ ಮುಗಿಸಿ. ಆಗಷ್ಟೇ ತೊಳೆದ ಕೂದಲಿಗೆ ಪಿನ್ ನಿಲ್ಲಲ್ಲ, ಜಾರತ್ತೆ. ಒದ್ದೆ ಕೂದಲನ್ನ ಕಟ್ಟಲೇಬೇಡಿ, ಒದ್ದೆಯಾದಾಗ ಅದು ಹೆಚ್ಚು ಹಿಗ್ಗತ್ತೆ, ಬೇಗ ತುಂಡಾಗತ್ತೆ. ಸ್ಟ್ರೇಟ್ನರ್ ಹಾಕೋರು ಇದೊಂದು ನೆನಪಿಡಿ: ಬಿಸಿ ತಾಗಿದಾಗ ಕೂದಲೊಳಗಿನ ಹೈಡ್ರೋಜನ್ ಬಾಂಡ್ ಬಿಟ್ಟು ಮತ್ತೆ ಕೂಡತ್ತೆ, ಅದಕ್ಕೇ ನೇರ ಆಗೋದು. ಗಾಳಿಯ ತೇವ ಸಾಕು, ಅದು ಮತ್ತೆ ಬಿಡೋಕೆ. ಮಂಜು ಬೀಳೋ ಬೆಳಗಿನ ಮುಹೂರ್ತಕ್ಕೆ ರಾತ್ರಿಯೇ ಸ್ಟ್ರೇಟ್ ಮಾಡಿಟ್ರೆ ಪ್ರಯೋಜನ ಇಲ್ಲ. ಹೇರ್‌ಸ್ಪ್ರೇ ಹೊತ್ತಿಕೊಳ್ಳೋ ವಸ್ತು. ರೂಮಲ್ಲೇ ಹೊಡೆದು, ಪೂರ್ತಿ ಒಣಗಿಸಿ, ಆಮೇಲೆ ದೀಪದ ಹತ್ರ ಹೋಗಿ.

ಐದು ಜುಟ್ಟುಗಳು

1. ಕಳಸಗಿತ್ತಿಯ ಕೆಳ ಜುಟ್ಟು. ಬೈತಲೆ ತೆಗೆದು, ಕೂದಲನ್ನ ಕಿವಿ ಅರ್ಧ ಮುಚ್ಚೋ ಹಾಗೆ ಸಡಿಲವಾಗಿ ಹಿಂದಕ್ಕೆ ತನ್ನಿ. ಕತ್ತಿನ ಬುಡದಲ್ಲಿ ಬಟ್ಟೆಯ ಬ್ಯಾಂಡ್ ಹಾಕಿ. ಜುಟ್ಟಿನ ಕೆಳಗಿಂದ ಬೆರಳ ದಪ್ಪದ ಒಂದು ಎಳೆ ತೆಗೆದು ಬ್ಯಾಂಡ್ ಮೇಲೆ ಸುತ್ತಿ ಪಿನ್ ಮಾಡಿದ್ರೆ ರಬ್ಬರ್ ಕಾಣಲ್ಲ. ಮೇಲೆ ಮಲ್ಲಿಗೆ. ಕಿವಿ ಮೇಲೆ ಕೂದಲು ತೆಳುವಿದ್ರೆ ಇದೇ ಒಳ್ಳೇದು: ಎಳೆತ ಇಲ್ಲ, ಆ ಜಾಗವೂ ಮುಚ್ಚತ್ತೆ.

2. ಗಂಟು ಜುಟ್ಟು. ಇಂಗ್ಲಿಷಲ್ಲಿ ಬಬಲ್ ಪೋನಿಟೇಲ್. ಕೆಳ ಜುಟ್ಟು ಕಟ್ಟಿ, ಮೂರು ಬೆರಳಿಗೊಂದು ಸಣ್ಣ ಬ್ಯಾಂಡ್ ಹಾಕ್ತಾ ಹೋಗಿ. ಪ್ರತಿ ಭಾಗವನ್ನ ಬೆರಳಲ್ಲಿ ಸ್ವಲ್ಪ ಉಬ್ಬಿಸಿ. ತೆಳು ಕೂದಲು ದಪ್ಪ ಕಾಣತ್ತೆ. ಪ್ರತಿ ಬ್ಯಾಂಡಿಗೆ ಒಂದು ಸುತ್ತು ಕನಕಾಂಬರ ಕಟ್ಟಿದ್ರೆ ದೂರದಿಂದ ಜಡೆಬಿಲ್ಲೆ ಹಾಕಿದ ಹಾಗೇ ಇರತ್ತೆ. ಚೌರಿಯ ಭಾರವೂ ಬೇಡ.

3. ಓಡಾಡೋಳ ಹೆಣೆದ ಜುಟ್ಟು. ಎರಡು ಕಿವಿ ಮೇಲಿಂದ ಸಣ್ಣ ಜಡೆ ಹೆಣೆದು ಹಿಂದೆ ತಂದು, ಉಳಿದ ಕೂದಲ ಜೊತೆ ಸೇರಿಸಿ ಕಟ್ಟಿ. ಮುಂದಿನ ಗಿಡ್ಡ ಕೂದಲು ಜಡೆಯೊಳಗೆ ಸಿಕ್ಕಿಕೊಳ್ಳೋದ್ರಿಂದ ಬೆವರಿದ್ರೂ ಮುಖಕ್ಕೆ ಬರಲ್ಲ. ಮೆಟ್ಟಿಲು ಡ್ಯೂಟಿಯವಳಿಗೆ ಇದು.

4. ಅರ್ಧ ಜುಟ್ಟು. ಭುಜದವರೆಗೆ ಕತ್ತರಿಸಿದವರಿಗೆ. ಕಿವಿಯಿಂದ ಮೇಲಿನ ಕೂದಲು ಮಾತ್ರ ಹಿಂದೆ ಕಟ್ಟಿ, ಕೆಳಗಿನದ್ದು ಬಿಡಿ. ಆರತಕ್ಷತೆಗೆ ಚೆಂದ. ಬೆಳಗ್ಗೆ ಆರತಿ ಹಿಡಿಯೋರಿಗೆ ಬೇಡ.

5. ಎರಡಂತಸ್ತಿನ ಎತ್ತರದ ಜುಟ್ಟು. ಲೆಹೆಂಗಾ ಹಾಕೋರು ಕೇಳೋದು ಇದನ್ನೇ. ಕೂದಲನ್ನ ಮೇಲೆ ಕೆಳಗೆ ಎರಡು ಭಾಗ ಮಾಡಿ, ಮೇಲಿನದನ್ನ ಮೇಲೆ, ಕೆಳಗಿನದನ್ನ ಅದರ ಕೆಳಗೆ ಬೇರೆ ಬ್ಯಾಂಡಲ್ಲಿ ಕಟ್ಟಿ. ಮೇಲಿನದು ಕೆಳಗಿನದನ್ನ ಮುಚ್ಚತ್ತೆ, ಒಂದೇ ಉದ್ದ ಜುಟ್ಟು ಅನ್ಸತ್ತೆ. ಭಾರ ಎರಡು ಕಡೆ ಹಂಚಿಹೋಗತ್ತೆ. ಆದ್ರೂ ಎರಡು ಮೂರು ಗಂಟೆ ಸಾಕು, ಫೋಟೋ ಮುಗಿದ ತಕ್ಷಣ ಬಿಚ್ಚಿ.

ಹೂವಿನ ಲೆಕ್ಕ

ಒಂದು ಮೊಳ ಅಂದ್ರೆ ಮೊಣಕೈಯಿಂದ ಬೆರಳ ತುದಿವರೆಗೆ, ಸುಮಾರು 45 ಸೆಂ.ಮೀ. ಕಟ್ಟಿದ ಜುಟ್ಟಿನ ಸುತ್ತಳತೆ ಹೂವು ಸೇರಿ ಹತ್ತು ಸೆಂ.ಮೀ. ಅಂದುಕೊಳ್ಳಿ. ಒಂದು ಮೊಳಕ್ಕೆ ನಾಲ್ಕು ಸುತ್ತು, ಒಬ್ಬಳಿಗೆ ಸಾಕು. ಮದುವೆ ಸೀಸನ್ನಲ್ಲಿ ಮಲ್ಲಿಗೆ ರೇಟ್ ಕೇಳಿದವರಿಗೆ ಈ ಲೆಕ್ಕದ ಬೆಲೆ ಗೊತ್ತಾಗತ್ತೆ. ಮೈಸೂರು, ಹಡಗಲಿ, ಉಡುಪಿ ಮೂರು ಮಲ್ಲಿಗೆಗೂ ಜಿಐ ಟ್ಯಾಗ್ ಇದೆ, ಆದ್ರೆ ಬೆಳಗ್ಗೆ ಐದಕ್ಕೆ ಸಿಕ್ಕಿದ ಮಲ್ಲಿಗೆಯೇ ನಮ್ಮ ಮಲ್ಲಿಗೆ.

ಹಿಂದಿನ ಸಂಜೆಯೇ ತಗೊಂಡ್ರೆ ಅರಳದ ಮೊಗ್ಗಿನ ಮಾಲೆ ತಗೊಳ್ಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬೆಳಗ್ಗೆ ಮುಡಿಯುವಾಗ ಅರಳ್ತಾ ಇರತ್ತೆ. ಕನಕಾಂಬರಕ್ಕೆ ಪರಿಮಳ ಇಲ್ಲ, ಆದ್ರೆ ಹಗುರ, ಬೇಗ ಬಾಡಲ್ಲ. ತೆಳು ಕೂದಲಿಗೆ ಅದೇ ಸರಿ. ಹೂವನ್ನ ಬ್ಯಾಂಡಿಗೆ ಸಿಕ್ಕಿಸಿ, ಕೂದಲಿಗಲ್ಲ. ಆಗ ಭಾರ ಬುಡಕ್ಕೆ ಅಷ್ಟು ಬೀಳಲ್ಲ.

ಮುಹೂರ್ತದ ಬೆಳಗ್ಗೆ

ನಾಲ್ಕೂವರೆಗೆ ಎದ್ವಿ. ಗೆಳತಿಗೆ ಒಂದನೇ ನಂಬರಿನ ಜುಟ್ಟು ಕಟ್ತಾ ಇದ್ವಿ. ಅಷ್ಟರಲ್ಲಿ ಅವಳ ಅಜ್ಜಿ ರೂಮಿಗೆ ಬಂದ್ರು. "ಇಷ್ಟು ಸಡಿಲ ಇದ್ರೆ ನಿಲ್ಲತ್ತೇನ್ರೇ?" ಅಂತ ಕೇಳಿದ್ರು. ಯಾಕೆ ಸಡಿಲ ಅಂತ ಅವಳೇ ಕಿವಿ ಹತ್ರ ತೋರಿಸಿದಳು. ಅಜ್ಜಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಮ್ಮ ಸೆರಗು ಸರಿಸಿ ತೋರಿಸಿದ್ರು, ಅವರಿಗೂ ಅದೇ ಜಾಗದಲ್ಲಿ ಕೂದಲಿಲ್ಲ. "ನಮ್ಮಮ್ಮ ಎಣ್ಣೆ ಹಚ್ಚಿ ಎಳೆದು ಹೆಣೆಯೋಳು. ಸಡಿಲ ಮಾಡು ಅನ್ನೋಕೆ ಆಗ ಯಾರಿಗೆ ಧೈರ್ಯ ಇತ್ತು?" ಅಂದು, ನಮ್ಮ ಕೈಯಿಂದ ಮಲ್ಲಿಗೆ ತಗೊಂಡು ಅವರೇ ನಾಲ್ಕು ಸುತ್ತು ಸುತ್ತಿದ್ರು. ನಮ್ಮ ಲೆಕ್ಕ ಸರಿಯಾಗಿತ್ತು.

ಕಳಸ ಅವಳೇ ಹಿಡಿದಳು. ಧಾರೆ ಮುಗಿಯೋವರೆಗೂ ಜುಟ್ಟು ಬಿಚ್ಚಲಿಲ್ಲ. ಎರಡು ಪಿನ್ ಮಾತ್ರ ಬಿತ್ತು, ಒಂದು ಪುರೋಹಿತರ ತಟ್ಟೆಗೆ.

ಈಗ ಕ್ಲಾಸಿಗೂ ಅವಳು ಸಡಿಲ ಜುಟ್ಟಲ್ಲೇ ಬರ್ತಾಳೆ, ಲ್ಯಾಬ್ ಇದ್ದ ದಿನ ಕ್ಲಚರ್ ಹಾಕ್ತಾಳೆ. ಕಿವಿ ಮೇಲೆ ಬೆರಳ ಗೆಣ್ಣಷ್ಟು ಉದ್ದದ ಹೊಸ ಕೂದಲು ಬಂದಿದೆ. ನಿಮ್ಮ ಮನೆಯಲ್ಲೂ ಮದುವೆ ಇದ್ರೆ, ಫೋಟೋ ನೋಡಿ ಜುಟ್ಟು ಆರಿಸೋ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ: ಅವತ್ತು ನನಗಿರೋ ಕೆಲಸ ಏನು? ನನ್ನ ಕೂದಲು ಎಷ್ಟು ಎಳೆತ ತಡೆಯತ್ತೆ? ಇಷ್ಟು ಗೊತ್ತಾದ್ರೆ ಸರಿಯಾದ ಜುಟ್ಟು ತಾನಾಗೇ ಗೊತ್ತಾಗತ್ತೆ.